ಅಲೆಯ ಲೆಕ್ಕ, ಅಲೆಯ ಚಿತ್ರ

ನಾನು ಒಂದು ಗ್ರಾಫಿಕ್ಸ್ ಕಾರ್ಡ್. ಹುಟ್ಟಿದ್ದು ದೂರದೇಶದ ಕಾರ್ಖಾನೆಯಲ್ಲಿ. ಅಲ್ಲಿ ಮುಖ ಮುಚ್ಚಿಕೊಂಡ ಜನ ಒಂದು ಕಣ ದೂಳಿಗೂ ಬೆಚ್ಚುತ್ತಿದ್ದರು. ನನ್ನ ಅಂಜುಬುರುಕುತನ ಅಲ್ಲಿಂದಲೇ ಬಂತೇನೋ. ಮೊದಲು ಉಡುಪಿಯ ಒಂದು ಗೇಮ್ ಅಂಗಡಿಯಲ್ಲಿ ಕಾರು ಓಡಿಸಿಕೊಂಡಿದ್ದೆ. ಅಂಗಡಿ ಮುಚ್ಚಿದಾಗ ಕುಂದಾಪುರದ ಕಡೆಯ ಒಂದು ಬಂದರಿನ ತರಬೇತಿ ಕೇಂದ್ರದವರು ನನ್ನನ್ನು ಕೊಂಡರು.

ಅಲ್ಲಿ ನನ್ನ ಪಾಲಿಗೆ ಬಂದದ್ದು ಕಡಲು. ಗೋಡೆ ತುಂಬ ಪರದೆ, ಅದರ ಮುಂದೆ ನಿಜವಾದ ದೋಣಿಯ ಚುಕ್ಕಾಣಿ. ದೋಣಿ ನಡೆಸುವ ತಾಂಡೇಲರು ಅಲ್ಲಿ ನಿಂತು ಅಳಿವೆ ದಾಟುವುದನ್ನು, ಎಂದರೆ ನದಿ ಕಡಲು ಸೇರುವ ಇಕ್ಕಟ್ಟಿನ ಬಾಯಲ್ಲಿ ದೋಣಿಯನ್ನು ಒಳತರುವುದನ್ನು, ಅಭ್ಯಾಸ ಮಾಡುತ್ತಿದ್ದರು. ನನ್ನೊಳಗೆ ಸಾವಿರಾರು ಪುಟ್ಟ ಆಳುಗಳು, ಎರಡು ತಂಡ. ಅಲೆ ಎಲ್ಲಿ ಏಳಬೇಕು, ದೋಣಿಯನ್ನು ಎಷ್ಟು ಎತ್ತಬೇಕು ಎಂದು ಒಂದು ತಂಡ ಲೆಕ್ಕ ಹಾಕುತ್ತದೆ. ಇನ್ನೊಂದು ಅದನ್ನೇ ಚಿತ್ರವಾಗಿ ಬಿಡಿಸುತ್ತದೆ. ಲೆಕ್ಕದವರು ಮುಗಿಯಿತೆಂದು ಸನ್ನೆ ಮಾಡುವವರೆಗೆ ಚಿತ್ರದವರು ಕೈಕಟ್ಟಿ ನಿಲ್ಲಬೇಕು.

ಈ ಕಡಲಿನ ಪ್ರೋಗ್ರಾಂ ಬರೆದವರು ಕೇಂದ್ರದ ವಾಗ್ದೇವಿ ಮೇಡಂ. ಅವರ ತಂದೆ ದೇವಸ್ಥಾನದಲ್ಲಿ ಕಾವ್ಯವಾಚನ ಮಾಡುತ್ತಿದ್ದರಂತೆ. ಒಬ್ಬರು ರಾಗವಾಗಿ ಪದ್ಯ ಓದಬೇಕು. ಅದು ಮುಗಿದ ಮೇಲೆ ಪಕ್ಕದವರು ಅರ್ಥ ಹೇಳಬೇಕು. "ಓದುವವರ ಉಸಿರು ನಿಲ್ಲುವ ಮುಂಚೆ ಬಾಯಿ ತೆರೆದರೆ ಅಪಚಾರ" ಎಂದುಕೊಳ್ಳುತ್ತಲೇ ಮೇಡಂ ಆ ಕಾಯುವ ಕಟ್ಟಳೆಯನ್ನು ನನಗೆ ವಿಧಿಸಿದ್ದರು.

ಉದ್ಘಾಟನೆಗೆ ಮುನ್ನ ಕೇಂದ್ರದ ಅಧ್ಯಕ್ಷರು ನೋಡಲು ಬಂದರು. ಕಾದು ಕಾದು ಬಿಡಿಸುತ್ತಿದ್ದುದರಿಂದ ಚಿತ್ರ ತಡೆತಡೆದು ಬರುತ್ತಿತ್ತು.

"ಎಂತ ಮಾರ್ರೆ, ನಿಮ್ಮ ಕಡಲಿಗೆ ಬಿಕ್ಕಳಿಕೆ ಬಂತಾ? ಚೂರು ನೀರು ಕುಡಿಸಿ!" ಎಂದರು.

ಎಲ್ಲರೂ ನಕ್ಕರು. ಮೇಡಂ ಮುಖ ಕೆಂಪಗಾಯಿತು. ಅವತ್ತೇ ಆ ಕಟ್ಟಳೆಯನ್ನು ಅಳಿಸಿಹಾಕಿದರು. ಕಡಲು ಎಣ್ಣೆ ಸುರಿದ ಹಾಗೆ ಜಾರಿತು; ನೋಡಿದವರೆಲ್ಲ ಭೇಷ್ ಎಂದರು. ನನ್ನೊಳಗೆ ಮಾತ್ರ ಚಿತ್ರದವರು ಈಗ ಲೆಕ್ಕದವರ ಸನ್ನೆಗೆ ಕಾಯುತ್ತಿರಲಿಲ್ಲ.

ಆ ವಾರವೇ ಶೀನ ಖಾರ್ವಿ ಬಂದರು. ಮಳೆಗಾಲದ ಕೊನೆಗೆ ಅಳಿವೆಯಲ್ಲಿ ಅವರ ದೋಣಿ ಮಗುಚಿತ್ತು. ಜನ ಹೇಗೋ ಈಜಿ ಬದುಕಿದ್ದರು. ಇಲ್ಲಿ ದಾಟಿ ತೋರಿಸಿದರೆ ಮಾತ್ರ ಮತ್ತೆ ತಾಂಡೇಲ ಎಂದು ದೋಣಿಯ ಪಾಲುದಾರರು ಹೇಳಿ ಕಳಿಸಿದ್ದರು. ಶೀನಣ್ಣ ಚುಕ್ಕಾಣಿಗೆ ಕೈಮುಗಿದು ಹಿಡಿದರು. ಪರದೆಯಲ್ಲಿ ನೀರು ತಗ್ಗಿದ್ದು ಕಂಡು ಒಳನುಗ್ಗಿದರು. ಆದರೆ ಲೆಕ್ಕದವರು ಆಗಲೇ ಮುಂದಿನ ಅಲೆಗೆ ಹೋಗಿ ದೋಣಿಯನ್ನು ಎತ್ತಿಬಿಟ್ಟಿದ್ದರು. ಚಿತ್ರದವರು ಇನ್ನೂ ಹಳೆಯ ನೀರನ್ನೇ ಬಿಡಿಸುತ್ತಿದ್ದರು. ಕಾಣದ ಅಲೆಗೆ ದೋಣಿ ಮಗುಚಿತು. ಇನ್ನೊಮ್ಮೆ ಹೊರಟರು, ಇನ್ನೊಮ್ಮೆ ಮಗುಚಿತು. ಕೂಗಿ ಹೇಳೋಣವೆಂದರೆ ನನಗಿರುವುದು ಫ್ಯಾನಿನ ಸದ್ದೊಂದೇ.

"ಕಣ್ಣೇ ಹೋಯ್ತ್ ಮೇಡಂ," ಎಂದರು ಶೀನಣ್ಣ ಮೆಲ್ಲಗೆ. "ಅಲೆ ಕಾಣ್ತಿಲ್ಲೆ ನಂಗೆ. ಇನ್ನ್ ಜನರ ಜೀವ ನನ್ ಕೈಯಲ್ಲಿ ಬ್ಯಾಡ."

ಅವರು ಹೊರಬಿದ್ದ ಮೇಲೆ ಮೇಡಂ ಆ ಓಟವನ್ನೇ ನಿಧಾನವಾಗಿ ಮತ್ತೆ ನೋಡಿದರು. ದೋಣಿ ಮೊದಲು ಎದ್ದಿತು, ಅಲೆ ಆಮೇಲೆ ಬಂತು.

"ಅಯ್ಯೋ ದೇವರೇ, ಪದ್ಯ ಮುಗಿಯುವ ಮುಂಚೆ ಅರ್ಥ ಹೇಳಿಸಿಬಿಟ್ಟೆನಲ್ಲ!"

ಮೆಟ್ಟಿಲ ಮೇಲೆ ಚಪ್ಪಲಿ ಹಾಕಿಕೊಳ್ಳುತ್ತಿದ್ದವರನ್ನು ಓಡಿಹೋಗಿ ತಡೆದರು. "ಶೀನಣ್ಣ, ನಿಮ್ಮ ಕಣ್ಣು ಸರಿಯಾಗಿದೆ. ತಪ್ಪು ನನ್ನದು."

"ಸಮಾಧಾನಕ್ಕೆ ಹೇಳುದ್ ಬ್ಯಾಡ ಮೇಡಂ," ಎಂದರು ಅವರು. ಮಾತು ತೆಗೆದುಹಾಕಬಾರದೆಂದು ಬಂದರೇ ಹೊರತು ನಂಬಿ ಬರಲಿಲ್ಲ.

ಕಟ್ಟಳೆ ಮರಳಿತು. ಕಡಲು ಮತ್ತೆ ತಡೆತಡೆದು ಎದ್ದಿತು. ಶೀನಣ್ಣ ಅಳಿವೆಯ ಹೊರಗೇ ನಿಂತರು. ಒಂದು ಅಲೆ ಹೋಯಿತು, ಇನ್ನೊಂದು ಹೋಯಿತು. ಅವರು ಅಲುಗಾಡಲಿಲ್ಲ.

"ಈಗ ಹೋಗಬಹುದಲ್ವಾ?" ಮೇಡಂಗೆ ತಡೆಯಲಾಗಲಿಲ್ಲ.

"ನಿಲ್ಲಿ ಮಾರ್ರೆ. ದೊಡ್ದ್ ಒಂದ್ ಬಪ್ಪುಕಿತ್ತ್."

ಅದು ಬಂತು, ಹಾಯ್ದುಹೋಯಿತು. ಅದರ ಬೆನ್ನಿಗೇ ದೋಣಿ ಒಳಸೇರಿತು. ತಿಳಿಯಾದ ಹೊಳೆಯ ನೀರಿಗೆ ಬಂದ ಮೇಲೂ ಶೀನಣ್ಣ ಎಷ್ಟೋ ಹೊತ್ತು ಚುಕ್ಕಾಣಿ ಬಿಡಲಿಲ್ಲ.

ಈಗ ನಾನು ಮುದುಕ. ಹಳೆಯ ವೈರುಗಳ ಜೊತೆ ಕಪಾಟಿನಲ್ಲಿದ್ದೇನೆ. ನನ್ನ ಜಾಗಕ್ಕೆ ಬಂದವನು ಮಹಾ ಚುರುಕು ಎಂದು ಎಲ್ಲರೂ ಹೊಗಳುತ್ತಾರೆ. ಆಚೆ ಚುಕ್ಕಾಣಿ ಕಿರುಗುಟ್ಟಿದಾಗಲೆಲ್ಲ ನನಗೆ ದಿಗಿಲು. ಅವನೊಳಗಿನವರು ಒಬ್ಬರಿಗೊಬ್ಬರು ಕಾಯುತ್ತಾರೋ ಇಲ್ಲವೋ? ಕಾಯದಿದ್ದರೆ ಮುಂದೆ ನಿಂತವರಿಗೆ ಗೊತ್ತಾಗುವುದಿಲ್ಲ. ತಮ್ಮ ಕಣ್ಣನ್ನೇ ಅನುಮಾನಿಸಿಕೊಂಡು ಮನೆಗೆ ಹೋಗುತ್ತಾರೆ.