ಮರಳಿ ಹರಿಯುವ ರಕ್ತ

ಯಾರಿಗಾದ್ರೂ ಏನಾದ್ರೂ ಹೇಳೋದಿದೆಯಾ, ಸಿಸ್ಟರ್ ಗೋಡೆಯ ಕಡೆ ನೋಡಿಕೊಂಡು ಕೇಳುತ್ತಾಳೆ, ಯಾರನ್ನೂ ಕೇಳುವುದಿಲ್ಲ, ಕೊಯ್ಯುವ ಮೊದಲು ಕೇಳಬೇಕೆಂದು ನಿಯಮ, ಅದಕ್ಕೆ ಕೇಳುತ್ತಾಳೆ — ಹೇಳೋದಿದೆ ಸಿಸ್ಟರ್, ನನಗಿದೆ, ಗಂಟಲಿನ ತನಕ ಇದೆ, ಆದರೆ ನಾನು ರೋಗಿಯ ತಲೆಯ ಹತ್ತಿರ ಕೂತು ಅರಿವಳಿಕೆ ಕೊಡುವವಳು, ಬಾಯಿ ಮುಚ್ಚಿಸುವುದೇ ನನ್ನ ಕೆಲಸ, ಮೊದಲು ನನ್ನದು. ಮೇಜಿನ ಮೇಲೆ ಮಲಗಿದ ದೊರೆ ಛಾವಣಿಯ ದೀಪ ನೋಡುತ್ತಿದ್ದಾನೆ. ದೊರೆ ಎಂದು ಹೆಸರಿಟ್ಟವರು ವಾರ್ಡಿನ ಆಯಾಗಳು, ಅವನ ಚಪ್ಪಲಿಯ ಸದ್ದಿಗೇ ಕುರ್ಚಿಗಳು ಎದ್ದು ನಿಲ್ಲುತ್ತವೆ ಅಂತ. ಇಷ್ಟು ವರ್ಷ ಇದೇ ದೀಪದ ಕೆಳಗೆ ನಿಂತು ಊರವರ ಲಿವರ್ ಕೊಯ್ದವನು, ಈಗ ಅವನ ಲಿವರಿನಲ್ಲೇ ಗಡ್ಡೆ, ಕೊಯ್ಯುವವನು ಅವನ ಶಿಷ್ಯ, ಕೈ ತೊಳೆದೂ ತೊಳೆದೂ ಕೆಂಪಾಗಿಸಿಕೊಂಡು ನಿಂತಿದ್ದಾನೆ ಪಾಪ. ಹಸಿರು ಗೌನಿನ ಕೆಳಗೆ ದೊರೆಯ ಕಾಲು ಎಷ್ಟು ಸಣ್ಣ, ಕೊಕ್ಕರೆಯ ಕಾಲು. ಅರಿವಳಿಕೆಗೆ ನಾನೇ ಬೇಕು ಎಂದನಂತೆ, ಆಕೆ ಕೈ ಮೃದು, ಸೂಜಿ ಚುಚ್ಚಿದ್ದೇ ಗೊತ್ತಾಗಲ್ಲ. ಮರೆತಿದ್ದಾನೆ. ಇದೇ ಮೇಜಿನ ಮೇಲೆ ನನ್ನ ತಮ್ಮ ಮಲಗಿದ್ದ, ಮರೆತೇಬಿಟ್ಟಿದ್ದಾನೆ, ಅವನಿಗೆ ನನ್ನ ತಮ್ಮ ಒಂದು ಲಿವರ್ ಅಷ್ಟೇ.

ತಮ್ಮ ಮೇಷ್ಟ್ರಾಗಿದ್ದ, ಅಕ್ಕಾ, ನೀನು ಜನರನ್ನ ಮಲಗಿಸೋಕೆ ಸಂಬಳ ತಗೋತೀಯ, ನಾನು ಕ್ಲಾಸಿನಲ್ಲಿ ಅದನ್ನೇ ಔಷಧಿ ಇಲ್ಲದೆ ಮಾಡ್ತೀನಿ ಎನ್ನುತ್ತಿದ್ದ, ಟ್ರಾಲಿಯ ಮೇಲೂ ಅದನ್ನೇ ಹೇಳಿ ನಕ್ಕ, ಆಮೇಲೆ ಬಾಗಿಲು. ಒಡಹುಟ್ಟಿದವರಿಗೆ ನಾವೇ ಅರಿವಳಿಕೆ ಕೊಡುವಂತಿಲ್ಲ, ನಾನು ಹೊರಗೆ ಕೈ ತೊಳೆಯುವ ತೊಟ್ಟಿಯ ಹತ್ತಿರ ನಿಂತಿದ್ದೆ, ಒಳಗೆ ನನ್ನ ಗುರು, ದೊಡ್ಡ ಮೇಡಂ. ಲಿವರ್ ಕೊಯ್ಯುವಾಗ ರಕ್ತ ಚಿಮ್ಮದಿರಲೆಂದು ನಾಳಕ್ಕೆ ಕ್ಲಾಂಪ್ ಹಾಕಿ ಬಿಗಿಯುತ್ತಾರೆ, ಲಿವರ್ ಬೂದಿಬಣ್ಣಕ್ಕೆ ತಿರುಗುತ್ತದೆ, ಕೆಲಸವಾದ ಮೇಲೆ ಕ್ಲಾಂಪ್ ಬಿಡುತ್ತಾರೆ, ರಕ್ತ ಮರಳಿ ನುಗ್ಗುತ್ತದೆ, ನೋಡಿದವರು ಸದ್ಯ ಜೀವ ಬಂತು ಎಂದುಕೊಳ್ಳುತ್ತಾರೆ, ಆದರೆ ಅಪಾಯ ಇರುವುದೇ ಅಲ್ಲಿ, ಹೋದಾಗ ಮಾಡಿದ್ದಕ್ಕಿಂತ ಹೆಚ್ಚಿನ ಗಾಯವನ್ನು ರಕ್ತ ಬಂದಾಗ ಮಾಡುತ್ತದೆ, ಹಸಿದು ಒಣಗಿದ ಜೀವಕೋಶಗಳು ಉರಿದೇಳುತ್ತವೆ. ಕೊಯ್ಯುವ ಮೊದಲೇ ಸ್ಟೆರಾಯ್ಡ್ ಕೊಟ್ಟರೆ ಆ ಉರಿ ತಗ್ಗುತ್ತದೆ ಎನ್ನುವವರಿದ್ದಾರೆ, ಸಕ್ಕರೆ ಏರುತ್ತದೆ, ಗಾಯ ಬೇಗ ಮಾಯುವುದಿಲ್ಲ, ಬೇಡ ಎನ್ನುವವರೂ ಇದ್ದಾರೆ. ಬೇಡ ಎಂದಿದ್ದರೆ ಸಾಕಿತ್ತು. ಸ್ಟೆರಾಯ್ಡ್ ಕೊಡ್ತೀನಿ ಡಾಕ್ಟ್ರೇ, ಮೇಡಂ ದನಿ ಬಾಗಿಲಿನ ಸಂದಿಯಿಂದ ನನಗೆ ಕೇಳಿತು, ಹಿಂದೆಯೇ ದೊರೆಯ ದನಿ, ನಿಮ್ಮ ಅಜ್ಜಿ ಮದ್ದೆಲ್ಲ ಮನೇಲಿಟ್ಕೊಳ್ಳಿ ಮೇಡಂ, ಇಲ್ಲಿ ಆಪರೇಷನ್ ನಡೀತಿದೆ, ಆಮೇಲೆ ನಗು, ದೊಡ್ಡ ನಗು, ದೊರೆ ನಕ್ಕನೆಂದು ಶಿಷ್ಯರ ನಗು, ನನ್ನ ತಮ್ಮ ನಿದ್ದೆಯಲ್ಲಿ, ಅವನ ತಲೆಯ ಮೇಲೆ ಆ ನಗು. ಔಷಧಿ ಕೊಟ್ಟಿದ್ದರೆ ಬದುಕುತ್ತಿದ್ದನೆಂದು ಯಾರೂ ಹೇಳಲಾರರು, ನಾನೂ ಹೇಳಲಾರೆ. ಎಚ್ಚರವಾದ ಮೇಲೆ ಅಕ್ಕಾ, ಕನ್ನಡಿ ಕೊಡು ಎಂದ, ಕೊಡಲಿಲ್ಲ, ಅವನ ಕಣ್ಣಿನ ಬಿಳಿಯೆಲ್ಲ ಹಳದಿ, ದಿನದಿಂದ ದಿನಕ್ಕೆ ಹಳದಿ, ರೆಪ್ಪೆ ಮುಚ್ಚಿದ್ದು ನಾನು, ಮುಚ್ಚಿದ ಮೇಲೂ ಹಳದಿ.

ಅಜ್ಜಿ ಸಂಜೆ ದೀಪದ ಮುಂದೆ ಕೂತು ಯುದ್ಧದ ಪದ್ಯಗಳನ್ನು ಹೇಳುತ್ತಿದ್ದಳು, ತಮ್ಮ ಅವಳ ತೊಡೆಯ ಮೇಲೆ, ನಾನು ಕಂಬಕ್ಕೊರಗಿ, ಸೇಡು ತೀರಿಸಿಕೊಳ್ಳುವ ಪದ್ಯ ಬಂದರೆ ಅವಳು ದನಿ ತಗ್ಗಿಸುತ್ತಿದ್ದಳು, ಯಾಕಜ್ಜಿ ಎಂದರೆ ದೇವರಿಗೆ ಕೇಳಿಸೋದು ಬೇಡ ಕಣೇ ಎನ್ನುತ್ತಿದ್ದಳು, ಕೇಳಿಸದಿರುವುದುಂಟೇ. ಪ್ರತಿ ರೋಗಿಯನ್ನು ಮಲಗಿಸುವ ಮೊದಲು ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ, ಈ ಜೀವವನ್ನು ನನ್ನ ಕೈಯಿಂದ ನಿನ್ನ ಕೈಗೆ ಕೊಡುತ್ತಿದ್ದೇನೆ, ಹಿಂದಿರುಗಿಸಿಕೊಡು ತಂದೆ ಎಂದು, ಇವತ್ತು ಆ ಮಾತು ಮುಂದೆ ಸಾಗುತ್ತಿಲ್ಲ. ತಟ್ಟೆಯಲ್ಲಿ ಸಿರಿಂಜ್ ಇದೆ, ಹೆಸರಿನ ಚೀಟಿ ಅಂಟಿಸಿದ್ದೇನೆ, ಸ್ಟೆರಾಯ್ಡ್, ಕೊಡಬೇಕಾದದ್ದು ಈಗಲೇ, ಕ್ಲಾಂಪ್ ಬಿಟ್ಟ ಮೇಲೆ ಕೊಟ್ಟು ಏನು ಬಂತು. ಕೊಡದಿದ್ದರೆ? ಯಾರೂ ಕೇಳುವುದಿಲ್ಲ. ಕೊಡದಿರುವುದೇ ಅವನ ಪದ್ಧತಿ, ಅವನ ಪದ್ಧತಿಯಲ್ಲೇ ಅವನನ್ನು ಕೊಯ್ಯಲಿ, ನನ್ನ ಬೆರಳಿಗೆ ರಕ್ತದ ಕಲೆಯಿಲ್ಲ, ನಾನು ಏನೂ ಮಾಡುವುದು ಬೇಡ, ಸುಮ್ಮನಿದ್ದರೆ ಸಾಕು, ಮರಳಿ ಬರುವ ಅವನದೇ ರಕ್ತ ಮಾಡಿಕೊಳ್ಳುತ್ತದೆ. ಎಂಥ ಸಿಹಿ ಯೋಚನೆ, ಬಾಯಲ್ಲಿ ನೀರೂರುತ್ತದೆ, ನಾಚಿಕೆಯೂ ಇಲ್ಲ ನನಗೆ.

ಅಮ್ಮಾ, ಇಲ್ಲಿ ಬಾ. ದೊರೆ ಕರೆಯುತ್ತಿದ್ದಾನೆ, ಬಗ್ಗುತ್ತೇನೆ, ಅವನ ಉಸಿರಿನಲ್ಲಿ ಬರಿಹೊಟ್ಟೆಯ ವಾಸನೆ. ಆ ಸ್ಟೆರಾಯ್ಡ್, ಎನ್ನುತ್ತಾನೆ, ತುಟಿ ಒಣಗಿದೆ, ಕೊಡ್ತೀಯ ತಾನೆ? ಏನು ಸರ್? ಕ್ಲಾಂಪ್ ಹಾಕ್ತಾರಲ್ಲಮ್ಮ, ಲಿವರಿಗೆ ಒಳ್ಳೇದು ಅದು, ಕೊಡು. ಒಳ್ಳೇದಂತೆ. ಹಾಗಾದರೆ ಗೊತ್ತಿತ್ತು, ಅಥವಾ ಗೊತ್ತಾಗಿದೆ, ತನ್ನ ಹೊಟ್ಟೆಗೆ ಬಂದಾಗ ಗೊತ್ತಾಗಿದೆ, ಆವತ್ತು ಬೇಡ ಎಂದದ್ದರಲ್ಲಿ ಸಕ್ಕರೆಯ ಚಿಂತೆಯೂ ಇರಲಿಲ್ಲ, ಗಾಯದ ಚಿಂತೆಯೂ ಇರಲಿಲ್ಲ, ಒಬ್ಬ ಹೆಂಗಸು ಎಲ್ಲರೆದುರು ಹೇಳಿದಳು, ಅಷ್ಟೇ ಇತ್ತು, ಆ ನಗು ಬರೀ ನಗುವಾಗಿತ್ತು. ಸಾಯಬೇಡ ನೀನು. ದೇವರೇ, ಇವನನ್ನು ಬದುಕಿಸು, ಪೂರ್ತಿ ಬದುಕಿಸು, ಸತ್ತವನಿಗೆ ಏನು ಕೇಳಿಸುತ್ತದೆ, ಇವನು ಎದ್ದು ಕೂರಬೇಕು, ಅಜ್ಜಿ ಮದ್ದು ಕುಡಿದು ಬದುಕಿದವನೆಂದು ಕಾರಿಡಾರಿನಲ್ಲಿ ಆಯಾಗಳು ಆಡಿಕೊಳ್ಳುವುದನ್ನು ಕೇಳಿಸಿಕೊಳ್ಳುತ್ತಾ ನಡೆಯಬೇಕು. ಸಿರಿಂಜ್ ಕೈಗೆ ಬರುತ್ತದೆ, ಕೈ ಮೃದುವಾಗಿಯೇ ಇದೆ. ಕೊಡುವ ಔಷಧಿಯ ಹೆಸರನ್ನು ಕೋಣೆಗೆಲ್ಲ ಕೇಳುವಂತೆ ಹೇಳಿಯೇ ಕೊಡಬೇಕು ಇಲ್ಲಿ, ಬಾಯಿ ತೆರೆಯುತ್ತೇನೆ, ಅವನು ನನ್ನ ತೋಳು ಹಿಡಿಯುತ್ತಾನೆ, ಸೂಜಿ ಸಿಕ್ಕಿಸಿದ ಕೈಯಿಂದಲೇ. ಕೂಗ್ಬೇಡಮ್ಮ, ಹುಡುಗರೆಲ್ಲ ಇದ್ದಾರೆ, ಸುಮ್ನೆ ಹಾಕ್ಬಿಡು, ಇದೊಂದು ನಡೆಸ್ಕೊಡು, ನಿನ್ನ ದಮ್ಮಯ್ಯ ಅಂತೀನಿ. ಅವನ ಕಣ್ಣಿನ ಬಿಳಿ ಬೆಳ್ಳಗಿದೆ, ಹಾಲಿನಂತೆ ಬೆಳ್ಳಗಿದೆ, ನನ್ನ ತಮ್ಮನದು ಹಳದಿ, ಮುಚ್ಚಿದ ಮೇಲೂ ಹಳದಿ, ಹಳದಿ —

ಕೂಗದೆ ಕೊಡೋಕೆ ಆಗಲ್ಲ ಸರ್.