ಟಾಸಿಂಗ್ ಹಾಕದ ಸಹಿ

ಬೆಳಗಿನ ಮೊದಲ ಬನ್ನುಗಳು ಒಲೆಯಿಂದ ಇಳಿಯುವ ಹೊತ್ತಿಗೆ ಟಾಸಿಂಗಳಿಗೆ ಲೋಕದ ಮೇಲೆ ಯಾವ ದೂರೂ ಇರುತ್ತಿರಲಿಲ್ಲ. ನದಿಯ ಆಚೆ ದಡದ ನಗರಕ್ಕೆ ಅವಳ ಗಂಡ ಕ್ರಿಸ್ಪುಲೊ ಮೇಯರ್. ಈಚೆ ದಡದ ಪುಟ್ಟ ಊರು ಅವಳ ತವರು. ಅವಳ ಬೇಕರಿ ಇಲ್ಲೇ. ಎರಡು ವರ್ಷದಿಂದ ಬೇಕರಿಯ ಮೇಲಿನ ಕೋಣೆಯಲ್ಲೇ ಅವಳ ವಾಸ. ಗಂಡ ಭಾನುವಾರ ಬರುತ್ತಿದ್ದ. ಅತ್ತೆ ಬಸಿಲಿಸಾ ಮಾತ್ರ ದಿನಾ ದೋಣಿ ದಾಟಿ ಬಂದು, ಬಿಸಿ ಬನ್ನನ್ನು ಕಾಫಿಯಲ್ಲಿ ಅದ್ದಿ ತಿಂದು ಹೋಗುತ್ತಿದ್ದಳು.

ಅಕ್ಟೋಬರಿನ ಆ ಬೆಳಿಗ್ಗೆ ಅತ್ತೆಯ ಜೊತೆ ಮಗನೂ ದೋಣಿ ಇಳಿದ. ಕೈಯಲ್ಲಿ ನಾಮಪತ್ರವಿತ್ತು. ಅವನ ಮೂರು ಅವಧಿ, ಅಂದರೆ ಒಂಬತ್ತು ವರ್ಷ, ಮುಗಿಯುತ್ತ ಬಂದಿತ್ತು. ಸತತವಾಗಿ ನಾಲ್ಕನೆಯ ಸಲ ನಿಲ್ಲಲು ಕಾನೂನು ಬಿಡುವುದಿಲ್ಲ. ಆದರೆ ಆ ಸೀಮೆಯ ದೊಡ್ಡ ಮನೆಗಳಲ್ಲಿ ಇದಕ್ಕೊಂದು ಪದ್ಧತಿ ಇದೆ. ಗಂಡನ ಕಾಲ ಮುಗಿದರೆ ಹೆಂಡತಿ ನಿಲ್ಲಬೇಕು. ಹೆಸರು ಅವಳದು, ಆಳ್ವಿಕೆ ಅವನದು.

"ಸಹಿ ಒಂದು ಹಾಕು, ಉಳಿದದ್ದು ನಾನು ನೋಡ್ಕೋತೀನಿ," ಎಂದ. "ಬಸ್ಸಲ್ಲಿ ಸೀಟಿಗೆ ಕರ್ಚೀಫ್ ಹಾಕಿರ್ತಾರಲ್ಲ, ಹಾಗೆ. ಮೂರೇ ವರ್ಷ."

"ಅಂದ್ರೆ ನಾನು ಕರ್ಚೀಫು."

ಬಸಿಲಿಸಾ ಬನ್ನನ್ನು ಕಾಫಿಯಲ್ಲಿ ಅದ್ದಿದಳು. ಅವಳೂ ಒಮ್ಮೆ ಗಂಡನ ಬದಲಿಗೆ ಮೇಯರ್ ಕುರ್ಚಿಯಲ್ಲಿ ಹಾಗೆ ಕುಳಿತವಳೇ. ಗಂಡ ತೋರಿಸಿದ ಜಾಗದಲ್ಲೆಲ್ಲ ಸಹಿ ಹಾಕಿದ್ದಳು. ಅವುಗಳಲ್ಲೊಂದು ಮಾರುಕಟ್ಟೆ ಕಟ್ಟಡದ ಕಾಗದ. ಕಟ್ಟಡಕ್ಕೆ ಛಾವಣಿಯೇ ಬರಲಿಲ್ಲ. ಕೇಸು ಮಾತ್ರ ಬಂತು. ಹನ್ನೊಂದು ವರ್ಷ ಕೋರ್ಟಿಗೆ ಅಲೆದಳು. ಗಂಡ ಸತ್ತ ದಿನವೂ ಹಾಜರಿ ಇತ್ತು. ಕೊನೆಗೆ ಬಿಡುಗಡೆಯಾಯಿತು, ಆದರೆ ಮಾರುಕಟ್ಟೆಯ ಕಡೆ ಹೋಗುವುದನ್ನೇ ಅವಳು ಬಿಟ್ಟುಬಿಟ್ಟಿದ್ದಳು.

ಕ್ರಿಸ್ಪುಲೊ ತನ್ನ ವಾದ ಬಿಡಲಿಲ್ಲ. ಜನಕ್ಕೆ ತಮ್ಮ ಮನೆತನವೇ ಬೇಕು, ಬೇರೆ ಯಾರು ನಿಂತಿದ್ದಾರೆ ಎಂದ. ನಿಲ್ಲಲು ಹೊರಟವರ ಅಂಗಡಿಗಳಿಗೆ ಪರವಾನಗಿ ಯಾಕೆ ತಪ್ಪಿತು ಎಂದು ಟಾಸಿಂಗ್ ಕೇಳಿದಳು. ಅವನು ನಾಮಪತ್ರ ಬಿಡಿಸಿ, ಪೆನ್ನು ಮುಂದೆ ಮಾಡಿದ.

ಟಾಸಿಂಗ್ ಹಿಟ್ಟಿನ ಕೈ ಒರೆಸಿಕೊಂಡು ನಿಧಾನವಾಗಿ ಓದಿದಳು. ಒಂದು ಕಡೆ ಬೆರಳಿಟ್ಟಳು. "ನಿಲ್ಲೋಳು ಆ ನಗರದ ಮತದಾರಳಾಗಿರಬೇಕು, ಒಂದು ವರ್ಷದಿಂದ ಅಲ್ಲೇ ವಾಸ ಇರಬೇಕು ಅಂತಿದೆ. ನನ್ನ ವೋಟು ಇರೋದು ಈ ಊರಲ್ಲಿ."

"ಯಾವಾಗಿಂದ?"

"ಹೋದ ವರ್ಷದಿಂದ. ನೀವು ಕೇಳಲಿಲ್ಲ."

ಇಡೀ ನಗರದ ಮತಪಟ್ಟಿ ಬಾಯಿಪಾಠವಿದ್ದ ಮನುಷ್ಯ, ಹೆಂಡತಿಯ ವೋಟು ಎಲ್ಲಿದೆಯೆಂದು ನೋಡಿರಲಿಲ್ಲ. ಅವನು, ಅದಕ್ಕೇನಂತೆ, ಮತಪಟ್ಟಿಯನ್ನೂ ವಾಸದ ಪತ್ರವನ್ನೂ ಹಿಂದಿನ ತಾರೀಖಿಗೆ ಸರಿಮಾಡಿಸುತ್ತೇನೆ, ನಮ್ಮವರೇ ಇದ್ದಾರೆ ಎಂದ.

"ಪತ್ರ ಅವರು ಬರೀತಾರೆ. ಕೈಯೆತ್ತಿ ಪ್ರಮಾಣ ಮಾಡೋಳು ನಾನು," ಎಂದಳು ಟಾಸಿಂಗ್. "ನಾನು ಇಲ್ಲಿ ದುಡೀತೀನಿ, ಇಲ್ಲಿ ಮಲಗ್ತೀನಿ, ವೋಟೂ ಇಲ್ಲೇ. ಅದೂ ಅಲ್ದೆ ಅತ್ತೇನ ನೋಡಿದ್ದೀನಿ. ಸಹಿ ಹಾಕಲ್ಲ."

ಕ್ರಿಸ್ಪುಲೊ ತಾಯಿಯ ಕಡೆ ತಿರುಗಿದ. "ನೀನಾದ್ರೂ ಹೇಳಮ್ಮ."

ಬಸಿಲಿಸಾ ಬನ್ನಿನ ಕೊನೆಯ ತುಂಡು ನುಂಗಿದಳು. "ಈ ಮನೇಲಿ ಒಬ್ಬಳು ಅಲೆದದ್ದು ಸಾಕು ಮಗನೆ. ಕಾಗದ ಎತ್ತಿಕೋ, ಕಾಫಿ ಚೆಲ್ಲುತ್ತೆ."

ಅವನು ಎತ್ತಿಕೊಂಡ.

ಮೇಯರ್ ಮನೆಯವರು ಯಾರೂ ನಿಲ್ಲುವುದಿಲ್ಲವೆಂಬ ಸುದ್ದಿ ಹರಡಿದ್ದೇ ತಡ, ಮೂವರು ಧೈರ್ಯ ಮಾಡಿ ನಾಮಪತ್ರ ಹಾಕಿದರು: ಒಬ್ಬ ಮೇಷ್ಟ್ರು, ಒಬ್ಬ ದೋಣಿ ಮಾಲೀಕ, ಅರ್ಧ ನಗರದ ಮಕ್ಕಳನ್ನು ಕೈಯಲ್ಲಿ ಹಿಡಿದ ಒಬ್ಬ ಸೂಲಗಿತ್ತಿ.

ಮೇ ತಿಂಗಳ ಚುನಾವಣೆಯ ದಿನ ಬಸಿಲಿಸಾ ಬೇಕರಿಗೆ ಬರುವಾಗ ಬನ್ನೆಲ್ಲ ಆರಿಹೋಗಿದ್ದವು. ಕ್ರಿಸ್ಪುಲೊ ಆಗಲೇ ಬಂದು ಹಿಟ್ಟಿನ ಮೂಟೆ ಎತ್ತುತ್ತ ಏದುಸಿರು ಬಿಡುತ್ತಿದ್ದ. ಮತಗಟ್ಟೆಯಲ್ಲಿ ಸರತಿ ಉದ್ದವಿತ್ತೇ ಎಂದು ಸೊಸೆ ಕೇಳಿದಳು.

"ಇಲ್ಲಮ್ಮ," ಎಂದು ಮುದುಕಿ ನಕ್ಕು ಕುರ್ಚಿ ಎಳೆದುಕೊಂಡಳು. "ಯಾರಿಗೆ ಹಾಕಲಿ ಅಂತ ಈ ಸಲ ಯೋಚನೆ ಮಾಡಬೇಕಾಯ್ತು."