ಬಲಗಿವಿಯಿಲ್ಲದ ಮರಿ

ಮನೆಯ ನಾಯಿ ಹಾಕಿದ ನಾಲ್ಕು ಮರಿಗಳಲ್ಲಿ ಒಂದಕ್ಕೆ ಬಲಗಿವಿಯೇ ಇರಲಿಲ್ಲ. ಕಿವಿ ಇರಬೇಕಾದಲ್ಲಿ ಒಂದು ತೂತು, ಅದರ ಪಕ್ಕ ಅವರೆಕಾಳಿನಷ್ಟು ಚರ್ಮ, ಅಷ್ಟೇ. ಅದನ್ನು ಕಂಡದ್ದೇ ನಗಿಡಿಯ ಕೈಯಿಂದ ಮರಗೆಣಸಿನ ಬುಟ್ಟಿ ಜಾರಿತು. ಸತ್ತ ಗಂಡ ರಿಕಿಟನ ಬಲಗಿವಿಯೂ ಹೀಗೇ ಇತ್ತು. ಎಳೆಯ ವಯಸ್ಸಿನಲ್ಲಿ ಚಿರತೆ ಅದನ್ನು ಕಿತ್ತುಕೊಂಡು ಹೋಗಿತ್ತು. ಆ ಕಡೆ ಪೂರಾ ಕಿವುಡು.

ಆ ಕಿವುಡು ನಗಿಡಿಯ ಪಾಲಿಗೆ ವರವಾಗಿತ್ತು. ಅವನ ಎಡಕ್ಕೆ ಕೂತು ಮನೆಯ ಮಾತಾಡುವಳು, ಬಲಕ್ಕೆ ಕೂತು ಬಾಯ್ತುಂಬ ಬೈಯುವಳು. ಕೊನೆಯ ಬೆಳಗ್ಗೆ ಮುನಿಸಿನಲ್ಲಿ ಬಲಕ್ಕೆ ನಿಂತೇ ಮೆಲ್ಲಗೆ "ಇವತ್ತು ಹೋಗ್ಬೇಡ" ಅಂದಿದ್ದಳು. ಅವನು ಬೇಟೆಗೆ ಹೋದ. ಕಾಡೆಮ್ಮೆ ತಿವಿದ ಅವನ ಹೆಣವನ್ನು ಸಂಜೆ ಹೊತ್ತು ತಂದರು. ಎಡಕ್ಕೆ ಬಂದು ಹೇಳಬಾರದಿತ್ತೇ ಎಂಬ ಸಂಕಟ ಅವಳನ್ನು ಬಿಟ್ಟಿರಲಿಲ್ಲ.

ಮರಿಯನ್ನು ನೋಡಿ ಮೈದುನ ಬಡೋಬೊ ಹಿಂದೆ ಸರಿದ. ಕಡಲೆಕಾಯಿ ಸುಗ್ಗಿ ಮುಗಿದ ಮೇಲೆ, ಊರ ಪದ್ಧತಿಯಂತೆ, ಅತ್ತಿಗೆಯನ್ನು ಹೆಂಡತಿಯಾಗಿ ಮನೆತುಂಬಿಸಿಕೊಳ್ಳಬೇಕಾದವನು ಅವನೇ.

"ಅತ್ತಿಗೆ, ಅಣ್ಣನೇ ಬಂದವ್ನೆ, ನಿನ್ ಕಾವಲಿಗೆ! ಹೊಳೆಗೆ ಬಿಟ್ಬಿಡೋಣ, ವಾಪಸ್ ಹೋಗ್ಲಿ."

"ಅಂಗೈಯಷ್ಟು ಮರಿಗೆ ಹೆದರ್ತೀಯಲ್ಲೋ, ನೀನೂ ಒಬ್ಬ ಗಂಡ್ಸು! ಮೊದ್ಲು ಗೆದ್ದಲನ್ನ ಕೇಳು."

ಸಂದೇಹ ಬಂದಾಗ ಊರಿನವರೆಲ್ಲ ಗೆದ್ದಲನ್ನು ಕೇಳುವಂತೆಯೇ ಕೇಳಿದರು. ಸಂಜೆ ಹುತ್ತಕ್ಕೆ ಎರಡು ಕಡ್ಡಿ ಚುಚ್ಚಿ, ಮರಿ ರಿಕಿಟನಾದರೆ ಕೆಂಪು ಕಡ್ಡಿ ತಿನ್ನಿ, ಬರೀ ನಾಯಿಯಾದರೆ ಬಿಳಿಯದನ್ನು ತಿನ್ನಿ ಎಂದು ಬಡೋಬೊ ಗೆದ್ದಲಿಗೆ ಹೇಳಿದ.

ಬೆಳಕು ಹರಿಯುವ ಮೊದಲೇ ನಗಿಡಿ ಒಬ್ಬಳೇ ಹೋಗಿ ನೋಡಿದಳು. ಕೆಂಪು ಕಡ್ಡಿ ಅರ್ಧ ತಿಂದುಹೋಗಿತ್ತು. ಬಂದಿದ್ದಾನೆ! ಹೆದರಿಕೆಗಿಂತ ಸಂತೋಷವೇ ಹೆಚ್ಚಾಗಿ ಅಳು ಬಂತು. ಆದರೆ ಬಡೋಬೊ ಇದನ್ನು ಕಂಡರೆ ಮರಿ ಹೊಳೆಯ ಪಾಲು. ಅವಳು ಬಿಳಿ ಕಡ್ಡಿಯನ್ನು ಹಲ್ಲಿನಿಂದ ಕಚ್ಚಿ ಗೆದ್ದಲು ತಿಂದಂತೆ ಮಾಡಿದಳು, ತಿಂದ ಕೆಂಪು ಕಡ್ಡಿ ಕಿತ್ತು ಅದರ ಜಾಗಕ್ಕೆ ಹೊಸ ಕೆಂಪು ಕಡ್ಡಿ ಚುಚ್ಚಿದಳು. ಗೆದ್ದಲಿನ ಮಾತು ತಿರುಚುವ ಧೈರ್ಯ ಅದುವರೆಗೆ ಊರಲ್ಲಿ ಯಾರಿಗೂ ಬಂದಿರಲಿಲ್ಲ.

"ಬರೀ ನಾಯಿ ಕಣತ್ತಿಗೆ!" ಎಂದು ಬಡೋಬೊ ಆಮೇಲೆ ಬಂದು ನಕ್ಕ.

ಅಂದಿನಿಂದ ನಗಿಡಿ ಮರಿಯ ಎಡಕ್ಕೇ ಕೂತಳು, ಎಡಗಿವಿಯಲ್ಲೇ ಮಾತಾಡಿದಳು. ಮಲಗಿದಾಗ ಅದರ ಉಸಿರು ಗಂಡನ ಉಸಿರಿನಂತೆಯೇ ಕೇಳುತ್ತಿತ್ತು. ಬಡೋಬೊ ಅಂಗಳಕ್ಕೆ ಬಂದರೆ ಅವಳಿಗೆ ಮರಿಯ ಮುಖ ನೋಡಲು ನಾಚಿಕೆ.

ಸುಗ್ಗಿ ಹತ್ತಿರ ಬರುವಷ್ಟರಲ್ಲಿ ಮರಿ ಬೆಳೆಯಿತು. ಅದರ ಕೊರಳಿಗೆ ಬೇಟೆನಾಯಿಗೆ ಕಟ್ಟುವ ಮರದ ಗಂಟೆ ಕಟ್ಟಿ ಬಡೋಬೊ ಮುಂದೆ ನಡೆದ. ಅದು ಅವನ ಹಿಂದೆ ಕಾಡಿನ ದಾರಿಗೆ ಕಾಲಿಟ್ಟಿತು. ನಗಿಡಿ ಅದರ ಬಲಕ್ಕಿದ್ದಳು, ಎಡಕ್ಕೆ ಓಡುವಷ್ಟು ಹೊತ್ತಿರಲಿಲ್ಲ. ಅಂದಿನಷ್ಟೇ ಮೆಲ್ಲಗೆ ಮಾತು ಬಂತು.

"ಹೋಗ್ಬೇಡ."

ಗಂಟೆಯ ಸದ್ದು ನಿಂತಿತು. ಮರಿ ಬಾಲ ಆಡಿಸುತ್ತ ಅವಳ ಕಾಲಬಳಿಗೇ ಬಂತು. ನಗಿಡಿ ಅದರ ಎಡಗಿವಿಯನ್ನು ಅಂಗೈಯಿಂದ ಒತ್ತಿ ಮುಚ್ಚಿ, ಬಲಕ್ಕೆ ಬಾಗಿ, ಇನ್ನೂ ಸಣ್ಣಗೆ ಕರೆದಳು. ಮರಿ ಥಟ್ಟನೆ ಬಲಕ್ಕೇ ತಿರುಗಿ ಅವಳ ಮೂಗು ನೆಕ್ಕಿತು.

ನಗಿಡಿ ಧೂಳಿನಲ್ಲಿ ಕುಸಿದು ಕೂತಳು. ಗಂಡ ಸತ್ತ ದಿನವೂ ಅವಳು ಹೀಗೆ ಅತ್ತಿರಲಿಲ್ಲ. ಬಡೋಬೊ ಗಾಬರಿಯಿಂದ ಓಡಿಬಂದ.

"ಏನಾಯ್ತತ್ತಿಗೆ?"

"ಇದಕ್ಕೆ ಬಲಗಿವೀನೂ ಕೇಳ್ಸುತ್ತೆ ಕಣೋ. ಬರೀ ನಾಯಿ."